ಗೌರತ್ತೆ ತೆರೆದ ಕಣ್ಣುಗಳು

ಹೋದ ಬೇಸಿಗೆಯಲ್ಲಿ ನಮ್ಮ ಮುಂಬಾಗಿಲಿಗೆ ವಾರ್ನಿಷ್ ಹೊಡೆಯಲು ಬಂದ ಪೇಂಟರ್ ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಒಳಗೆ ಅಕ್ಕಿ ಆರಿಸುತ್ತಿದ್ದ ನಾನು ಮೊರ ಬಿಟ್ಟು ಎದ್ದು ಬಂದೆ. ಬೇರೆಯವರಿಗೆ ಅದು ತಲೆನೋವು ತರುವ ವಾಸನೆ. ನನಗೆ ಅದು ದಾವಣಗೆರೆಯ ಹಳೇ ಪೇಟೆಯಲ್ಲಿದ್ದ ನಮ್ಮ ಮನೆಯ ವಾಸನೆ, ಅದರಲ್ಲೂ ಉತ್ತರದ ಕಿಟಕಿಯ ಕೆಳಗೆ ಚಾಪೆ ಹಾಸಿಕೊಂಡು ಕೂತಿರುತ್ತಿದ್ದ ಗೌರತ್ತೆಯ ಸೆರಗಿನ ವಾಸನೆ. ಪೇಂಟರ್ ನನ್ನನ್ನು ಓರೆಗಣ್ಣಿನಿಂದ ನೋಡಿದ. ಮುದುಕಿ ತನ್ನ ಕೆಲಸ ಕಾಯಲು ಬಂದು ನಿಂತಳು ಅಂದುಕೊಂಡಿರಬೇಕು. ಅವನ ಅನುಮಾನವನ್ನು ನಾನು ತಪ್ಪು ಅನ್ನುವುದಿಲ್ಲ. ನಾನು ಹುಟ್ಟಿ ಬೆಳೆದದ್ದೇ ಅನುಮಾನದ ಮನೆಯಲ್ಲಿ.

ನಮ್ಮಪ್ಪ ಫೋಟೋಗ್ರಾಫರ್. ಐವತ್ತರ ದಶಕದ ಕೊನೆಯ ವರ್ಷಗಳ ಮಾತು ಇದು. ಮನೆಯ ಮುಂಭಾಗವೇ ಸ್ಟುಡಿಯೋ. ಅಲ್ಲಿ ಬಟ್ಟೆಯ ಮೇಲೆ ಬರೆದ ಒಂದು ಅರಮನೆ ಮೆಟ್ಟಿಲು, ಒಂದು ಕುರ್ಚಿ, ಕಾಗದದ ಹೂವಿನ ಕುಂಡ, ಮತ್ತು ಕರಿ ಬಟ್ಟೆ ಹೊದ್ದ ಮೂರು ಕಾಲಿನ ದೊಡ್ಡ ಕ್ಯಾಮೆರಾ. ಹಿಂದೆ ಕತ್ತಲೆ ಕೋಣೆ, ಅದರ ಹಿಂದೆ ಅಡುಗೆಮನೆ. ಹೀಗಾಗಿ ಅಮ್ಮ ಒಗ್ಗರಣೆ ಹಾಕಿದರೆ ಸ್ಟುಡಿಯೋದಲ್ಲಿ ಉಸಿರು ಬಿಗಿಹಿಡಿದು ಕೂತ ಗಿರಾಕಿ ಸೀನುತ್ತಿದ್ದ, ಅಪ್ಪ ಕ್ಯಾಮೆರಾದೊಳಗಿನ ಗಾಜಿನ ಪ್ಲೇಟು ಹಾಳಾಯಿತೆಂದು ಒಳಗೆ ಬಂದು ಗೊಣಗುತ್ತಿದ್ದರು. ಮಿಲ್ಲಿನ ಕೂಗು ಕೇಳಿದರೆ ನಮಗೆ ಊಟದ ಹೊತ್ತು. ಹತ್ತಿಯ ನೂಲಿನ ಎಳೆಗಳು ಗಾಳಿಯಲ್ಲಿ ತೇಲಿ ಬಂದು ಒಣಗಲು ಹಾಕಿದ ಚಿತ್ರಗಳಿಗೆ ಅಂಟಿಕೊಳ್ಳುತ್ತಿದ್ದವು, ಅವನ್ನು ಉಫ್ ಎಂದು ಊದುವ ಕೆಲಸ ನನ್ನದು. ನೀವು ದಾವಣಗೆರೆಯಲ್ಲಿ ಬೆಳೆದವರಾದರೆ ಆ ನೂಲಿನೆಳೆಗಳ ನೆನಪು ಇರಲೇಬೇಕು. ಅಪ್ಪನದು ನೆಟ್ಟಗಿನ ಮನುಷ್ಯರ ಕೆಲಸ. ಯಾರೂ ಅಲುಗಬಾರದು, ಯಾರೂ ನಗಬಾರದು, ಮುಖ್ಯವಾಗಿ ಯಾರೂ ಕಣ್ಣು ಮುಚ್ಚಬಾರದು. ಕಣ್ಣು ಮುಚ್ಚಿದ ಒಂದೇ ಒಂದು ಚಿತ್ರವೂ ನಮ್ಮ ಮನೆಯಿಂದ ಹೊರಗೆ ಹೋಗುತ್ತಿರಲಿಲ್ಲ.

ಕಣ್ಣು ಮುಚ್ಚಿದವರ ಚಿತ್ರ ಬರುತ್ತಿದ್ದುದು ಸಾವಿನ ಮನೆಯಿಂದ. ನಮ್ಮ ಕಡೆ ತೀರಿಹೋದವರನ್ನು ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಮನೆಮಂದಿಯೆಲ್ಲ ಸುತ್ತ ನಿಂತು ಫೋಟೋ ತೆಗೆಸುವ ರೂಢಿ ನಿಮಗೆ ಗೊತ್ತೇ ಇದೆ. ಎಷ್ಟೋ ಜನರಿಗೆ ಅದೇ ಬದುಕಿನ ಮೊದಲ ಫೋಟೋ. ಮಣ್ಣು ಮುಗಿದ ಮೇಲೆ ಮನೆಯವರು ಬಂದು, ಗೋಡೆಗೆ ಹಾಕಲು ಒಂದು ದೊಡ್ಡದು ಮಾಡಿಕೊಡ್ರಿ, ಕಣ್ಣು ತೆರೆದಂಗೆ ಮಾಡ್ರಿ ಅನ್ನುತ್ತಿದ್ದರು. ಅಪ್ಪ ಮುಖವನ್ನಷ್ಟೇ ಹಿಗ್ಗಿಸಿ ಮುದ್ರಿಸಿ ಗೌರತ್ತೆಗೆ ಕೊಡುತ್ತಿದ್ದರು. ಮುಂದಿನದೆಲ್ಲ ಅವಳ ಕೈಯ ಕೆಲಸ. ಸಣ್ಣ ಕುಂಚ, ಕಪ್ಪು ಶಾಯಿ, ಬೊಟ್ಟಿನಷ್ಟು ಬಿಳಿ ಬಣ್ಣ, ಒರೆಸಲು ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆ. ಮುಚ್ಚಿದ ರೆಪ್ಪೆಯ ಮೇಲೆ ಮೊದಲು ಒಂದು ಗೆರೆ, ಆಮೇಲೆ ಇನ್ನೊಂದು, ನಡುವೆ ಗುಡ್ಡೆ, ಕೊನೆಗೆ ಕುಂಚದ ತುದಿಯಿಂದ ಒಂದು ಬಿಳಿ ಚುಕ್ಕೆ. ಆ ಚುಕ್ಕೆ ಬಿದ್ದ ಕ್ಷಣ ಯಾರೋ ನಮ್ಮನ್ನು ನೋಡಲು ಶುರು ಮಾಡುತ್ತಿದ್ದರು. ಪಕ್ಕದಲ್ಲಿ ಕೂತ ನಾನು ಪ್ರತಿ ಸಲವೂ ಹಿಂದಕ್ಕೆ ಸರಿಯುತ್ತಿದ್ದೆ. ಕಣ್ಣಾದ ಮೇಲೆ ತಲೆಯ ಹಿಂದೆ ತಿಳಿಯಾದ ಬೆಳಕಿನ ವರ್ತುಲ ಬರೆದರೆ ಚಿತ್ರ ಮುಗಿಯಿತು. ಆ ವರ್ತುಲ ಕಂಡರೆ ಸಾಕು, ಊರಿನ ಯಾರಿಗಾದರೂ ಗೊತ್ತಾಗುತ್ತಿತ್ತು, ಇವರು ಇಲ್ಲ ಎಂದು.

ಗೌರತ್ತೆ ಅಪ್ಪನ ಅಕ್ಕ. ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದ್ದಳು. ಕುಂಚ ಹಿಡಿಯುವುದನ್ನು ಅಪ್ಪನೇ ಕಲಿಸಿದ್ದರಂತೆ, ಆದರೆ ನಾನು ಕಣ್ಣು ಬಿಡುವ ಹೊತ್ತಿಗೆ ಅಪ್ಪನಿಗೇ ಅವಳ ಕೈಚಳಕ ಬರುತ್ತಿರಲಿಲ್ಲ. ಅಡುಗೆಮನೆಗೆ ಅವಳು ಕಾಲಿಡುತ್ತಿದ್ದುದು ಉಣ್ಣುವುದಕ್ಕೆ ಮಾತ್ರ. ಅದರ ಮೇಲೆ ಅಮ್ಮನಿಗೆ ಸಿಟ್ಟಿತ್ತು, ಆದರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ, ಯಾಕೆಂದರೆ ಗೌರತ್ತೆ ಆ ಮನೆಯಲ್ಲಿ ಹಂಗಿಗೆ ಬಿದ್ದವಳಲ್ಲ, ದುಡಿಯುವವಳು. ಅದನ್ನು ಅವಳು ಕೂರುವ ರೀತಿಯಲ್ಲೇ ಕಾಣಬಹುದಿತ್ತು. ಕಿಟಕಿಯ ಸರಳಿಗೆ ಒರಗಿಸಿದ ಒಂದು ಅಂಗೈಯಗಲದ ಕನ್ನಡಿ ಸದಾ ಅವಳ ಎದುರಿಗಿರುತ್ತಿತ್ತು. ಅಕ್ಕಪಕ್ಕದ ಹೆಂಗಸರಿಗೆ ಅದೊಂದು ದೊಡ್ಡ ಚರ್ಚೆ. ಗಂಡ ಸತ್ತವಳಿಗೆ ಕನ್ನಡಿ ಯಾಕೆ, ಯಾರಿಗೆ ತೋರಿಸಲು ಎಂದು ಕೊಡ ಹೊತ್ತು ಹೋಗುವಾಗಲೆಲ್ಲ ಕಿಟಕಿಯೊಳಗೆ ಇಣುಕುತ್ತಿದ್ದರು. ನನಗೂ ಅನುಮಾನವಿತ್ತು. ಅವಳು ನರೆಗೂದಲು ಹುಡುಕುತ್ತಾಳೆ ಎಂದು ನಾನು ತೀರ್ಮಾನಿಸಿದ್ದೆ.

ಅಪ್ಪನ ಅನುಮಾನ ಬೇರೆ ದಾರಿಯದು. ದಾರಿಯಲ್ಲಿ ಯಾರೇ ಎದುರಾಗಲಿ, ಅಪ್ಪ ಮೊದಲು ಅವರ ಹೆಗಲು ನೋಡಿ ಆಮೇಲೆ ಮುಖ ನೋಡುತ್ತಿದ್ದರು. ಹೆಗಲಲ್ಲಿ ಚರ್ಮದ ಪಟ್ಟಿ ಕಂಡರೆ ಮುಗಿಯಿತು, ಆ ದಿನದ ಊಟ ರುಚಿಸುತ್ತಿರಲಿಲ್ಲ. ಪುಟ್ಟ ಪೆಟ್ಟಿಗೆ ಕ್ಯಾಮೆರಾಗಳು ಆಗ ತಾನೇ ಊರಿಗೆ ಬರತೊಡಗಿದ್ದವು. ಡಾಕ್ಟರರ ಮಗನ ಹತ್ತಿರ ಒಂದು, ಮಿಲ್ಲಿನ ಮ್ಯಾನೇಜರರ ಹತ್ತಿರ ಒಂದು. ಎಲ್ಲರಿಗಿಂತ ಹೆಚ್ಚಾಗಿ ಅಪ್ಪನ ನಿದ್ದೆ ಕೆಡಿಸಿದವನು ಹರಿಹರದ ರುದ್ರಮುನಿ. ಅಲ್ಲಿನ ಕಾರ್ಖಾನೆಯಲ್ಲಿ ಗುಮಾಸ್ತ, ತೆಳ್ಳಗಿನ ನಗುಮುಖದ ಹುಡುಗ. ಅವನು ಯಾರ ಹತ್ತಿರವೂ ಬಿಡಿಗಾಸು ಕೇಳುವವನಲ್ಲ, ಶೋಕಿಗೆ ತೆಗೆಯುವವನು. ಆ ಶೋಕಿಯೇ ನಮಗೆ ಮುಳುವಾಯಿತು. ಭಾನುವಾರಗಳಲ್ಲಿ ಅಪ್ಪ ಟ್ರೈಪಾಡು ಹೊತ್ತು ರೈಲಿನಲ್ಲಿ ಬಾತಿ ಊರು ದಾಟಿ ಹರಿಹರಕ್ಕೆ ಹೋಗಿ ಕಾರ್ಖಾನೆಯವರ ಸಂಸಾರಗಳ ಫೋಟೋ ತೆಗೆದು ಬರುವುದಿತ್ತು. ಅದು ನಿಂತಿತು. ಕೊಂಡಜ್ಜಿಯ ಕೆರೆಯ ಹತ್ತಿರ ಸ್ಕೌಟು ಮಕ್ಕಳ ಶಿಬಿರ ಆದಾಗ ಕೊನೆಯ ದಿನ ಸಾಲಾಗಿ ನಿಲ್ಲಿಸಿ ತೆಗೆಯುವ ಚಿತ್ರ ಅಪ್ಪನದೇ ಆಗಿತ್ತು. ಒಂದು ವರ್ಷ ಅಪ್ಪ ಹೋಗಿ ನೋಡಿದರೆ ಮಕ್ಕಳು ಮರ ಹತ್ತಿ, ನೀರಿಗೆ ಹಾರಿ, ಅನ್ನದ ಹಂಡೆಯ ಸುತ್ತ ಕುಣಿದು ರುದ್ರಮುನಿಯ ಪೆಟ್ಟಿಗೆಗೆ ಆಗಲೇ ಮುಖ ಕೊಟ್ಟಾಗಿತ್ತು. ಮೇಷ್ಟ್ರು, ಈ ಸಲ ಸಾಲು ಬ್ಯಾಡ ಬಿಡ್ರಿ ಅಂದರಂತೆ.

ಇದರಲ್ಲಿ ಒಂದು ವಿಚಿತ್ರವಿತ್ತು. ಅವನು ತೆಗೆದ ಫಿಲ್ಮು ತೊಳೆಯಲು ಬರುತ್ತಿದ್ದುದು ನಮ್ಮ ಕತ್ತಲೆ ಕೋಣೆಗೇ. ಬೇರೆ ಎಲ್ಲಿಗೆ ಹೋಗಬೇಕು? ಹೀಗಾಗಿ ಅವನು ಏನು ತೆಗೆದಿದ್ದಾನೆಂದು ಅವನಿಗಿಂತ ಮೊದಲು ಅಪ್ಪನಿಗೆ ಗೊತ್ತಾಗುತ್ತಿತ್ತು. ಒದ್ದೆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಅಪ್ಪ ಒಂದೊಂದಾಗಿ ಬೈಯುತ್ತಿದ್ದರು. ಇಲ್ಲಿ ತಲೆ ಕತ್ತರಿಸಿದ್ದಾನೆ, ಇಲ್ಲಿ ಕೈ ನಡುಗಿದೆ, ಇಲ್ಲಿ ಸೂರ್ಯನಿಗೆ ಎದುರಾಗಿದ್ದಾನೆ. ಒಂದು ಚಿತ್ರದ ಹತ್ತಿರ ಮಾತ್ರ ಬೈಗುಳ ಬಿಟ್ಟು ಫಿಲ್ಮನ್ನು ಕಣ್ಣಿಗೆ ಇನ್ನಷ್ಟು ಹತ್ತಿರ ಹಿಡಿದರು. ನಮ್ಮ ಸ್ಟುಡಿಯೋದಲ್ಲಿ ಹತ್ತು ಸಲ ಕೂತು ಹತ್ತು ಸಲವೂ ಗಂಟುಮುಖ ಹಾಕಿದ್ದ ಕಿರಾಣಿ ಅಂಗಡಿಯ ಯಜಮಾನರು ಅಲ್ಲಿ ಮೊಮ್ಮಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಅಂಬೆಗಾಲಿಡುತ್ತಿದ್ದರು. ಇವನಿಗೆ ಇದು ಹೇಗೆ ಸಿಗುತ್ತದೆ ಎಂದು ಅಪ್ಪ ಯಾರನ್ನೂ ಕೇಳಲಿಲ್ಲ. ಗೌರತ್ತೆ ಚಾಪೆಯಿಂದ ಏಳದೆಯೇ ಫಿಲ್ಮನ್ನು ಕೈಗೆ ತೆಗೆದುಕೊಂಡು ಅಪ್ಪನಿಗಿಂತ ಹೆಚ್ಚು ಹೊತ್ತು ನೋಡುತ್ತಿದ್ದಳು. ತನ್ನ ಕೆಲಸದ ಗತಿ ಏನೆಂದು ಅವಳಿಗೆ ಆಗಲೇ ಅರ್ಥವಾಗಿತ್ತು. ಜೀವಂತ ಇದ್ದಾಗಿನ ಒಂದು ಚಿತ್ರ ಪೆಟ್ಟಿಗೆಯಲ್ಲಿ ಇದ್ದರೆ ಸತ್ತ ಮೇಲೆ ಕಣ್ಣು ತೆರೆಸಲು ಯಾರು ಬರುತ್ತಾರೆ? ಬರುತ್ತಲೂ ಇರಲಿಲ್ಲ. ತಿಂಗಳಿಗೆ ನಾಲ್ಕೈದು ಮುಖ ಬರುತ್ತಿದ್ದ ಕಡೆ ಒಂದು ಬಂದರೆ ಹೆಚ್ಚು. ಅಮ್ಮ ಒಂದು ದಿನ, ಸುಮ್ಮನೆ ಕೂಡೋ ಬದಲು ಬೇಳೆ ಆರಿಸು ಬಾ ಅಕ್ಕಾ ಅಂದಳು. ಗೌರತ್ತೆ ಎದ್ದು ಅಡುಗೆಮನೆಗೆ ಹೋದಳು. ಅಮ್ಮನ ಮುಖದಲ್ಲಿ ಇಷ್ಟು ವರ್ಷದ ಮೇಲೆ ಗೆದ್ದ ಕಳೆ ಇತ್ತು. ಆಗ ನನಗೆ ಅಮ್ಮನ ಮೇಲೆ ಬಂದ ಕೋಪ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಆ ವರ್ಷದ ಮಾಘದಲ್ಲಿ ರುದ್ರಮುನಿ ಒಂದು ಫಿಲ್ಮು ತಂದ. ಅದರಲ್ಲಿ ಅವನ ತಾಯಿ ನೀಲಮ್ಮನ ಒಂದು ಚಿತ್ರವಿತ್ತು. ಹರಿಹರದ ಹೊಳೆಯ ಮೆಟ್ಟಿಲ ಮೇಲೆ ಒಗೆದ ಬಟ್ಟೆಯ ಬುಟ್ಟಿ ಪಕ್ಕದಲ್ಲಿಟ್ಟುಕೊಂಡು ಕೂತಿದ್ದಾಳೆ, ಯಾರೋ ಏನೋ ಹೇಳಿದ್ದಕ್ಕೆ ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದಾಳೆ. ಎರಡು ಹಲ್ಲಿಲ್ಲ. ನಗುವಿನ ಭರಕ್ಕೆ ಕಣ್ಣು ಪೂರ್ತಿ ಮುಚ್ಚಿವೆ. ಅದರ ಮುಖವನ್ನಷ್ಟೇ ದೊಡ್ಡದು ಮಾಡಿಕೊಡಿ, ತಂಗಿಯನ್ನು ನೋಡಲು ರಾಣೆಬೆನ್ನೂರಿನ ಕಡೆಯಿಂದ ಗಂಡಿನವರು ಬರುತ್ತಾರೆ, ಅಷ್ಟರಲ್ಲಿ ಗೋಡೆಗೆ ಹಾಕಬೇಕು ಎಂದು ಅವನು ಅಪ್ಪನಿಗೆ ಹೇಳಿ ಹೋದ. ಅಪ್ಪ ಮುದ್ರಿಸಿದರು, ಎಂದಿನಂತೆ ಗೌರತ್ತೆಯ ಚಾಪೆಯ ಮೇಲಿಟ್ಟು, ಧೂಳಿನ ಚುಕ್ಕೆಗಳಿದ್ದರೆ ತೆಗಿ ಎಂದು ಹೇಳಿ, ಚಿತ್ರದುರ್ಗದ ಕಡೆಯ ಒಂದು ಮದುವೆಗೆ ಎರಡು ದಿನದ ಮಟ್ಟಿಗೆ ಹೊರಟುಹೋದರು. ಮರುದಿನ ನಾನು ಶಾಲೆಯಿಂದ ಬಂದಾಗ ಗೌರತ್ತೆ ಕುಂಚ ಹಿಡಿದು ಕೂತಿದ್ದಳು. ತಿಂಗಳುಗಳಿಂದ ಕಾಣದ ಹುರುಪು ಅವಳ ಬೆನ್ನಿನಲ್ಲಿತ್ತು. ಎಡಗಣ್ಣು ಆಗಲೇ ತೆರೆದಿತ್ತು. ಈಕಿ ಸತ್ತಾಳೇನು ಎಂದು ಕೇಳಿದೆ. ಅವಳು ತಲೆ ಎತ್ತಲಿಲ್ಲ.

"ಕಣ್ಣು ಮುಚ್ಚಿಲ್ಲೇನು?" ಅಂದಳು.

ಅದು ನನ್ನ ಪ್ರಶ್ನೆಗೆ ಉತ್ತರವಲ್ಲ ಎಂದು ಹತ್ತು ವರ್ಷದ ನನಗೂ ಗೊತ್ತಾಯಿತು. ಆದರೂ ಸುಮ್ಮನಿದ್ದೆ. ಅವಳು ಬಲಗಣ್ಣು ತೆರೆದಳು, ಬಿಳಿ ಚುಕ್ಕೆ ಇಟ್ಟಳು, ತಲೆಯ ಹಿಂದೆ ವರ್ತುಲ ಬರೆದಳು. ತಾನೇ ಕಾಗದ ಸುತ್ತಿ ದಾರ ಕಟ್ಟಿದಳು. ಅಪ್ಪ ಇದ್ದಿದ್ದರೆ ಕಟ್ಟುವ ಮೊದಲು ಒಂದು ಸಲ ನೋಡದೆ ಬಿಡುತ್ತಿರಲಿಲ್ಲ. ಸಂಜೆ ರುದ್ರಮುನಿ ಓಡೋಡಿ ಬಂದ, ರೈಲಿಗೆ ಹೊತ್ತಾಯಿತೆಂದು ಬಾಗಿಲಲ್ಲೇ ಅಮ್ಮನ ಕೈಯಿಂದ ಪೊಟ್ಟಣ ತೆಗೆದುಕೊಂಡು ಹೋದ.

ಅವನು ಮನೆ ಮುಟ್ಟುವಷ್ಟರಲ್ಲಿ ಗಂಡಿನವರು ಬಂದು ಕೂತಿದ್ದರು, ಅದನ್ನು ಅವನು ಬಿಚ್ಚಿದ್ದು ಅವರ ಎದುರಿಗೇ. ಮಗ ತಾಯಿಗೆ ಎಂಥ ಉಡುಗೊರೆ ತಂದಿದ್ದಾನೆ ನೋಡಿ ಎಂದು ಯಾರೋ ಹಿರಿಯರು ಅದನ್ನು ಎತ್ತಿ ಹಿಡಿದರಂತೆ. ಅವಲಕ್ಕಿಯ ತಟ್ಟೆ ತಂದು ಎದುರಿಗೆ ನಿಂತಿದ್ದ ತಾಯಿ, ಆ ಹಿರಿಯರ ಕೈಯಲ್ಲಿ ಅದೇ ತಾಯಿಯ ಸಾವಿನ ಫೋಟೋ. ಗಂಡಿನವರು ಅವಲಕ್ಕಿ ಮುಟ್ಟದೆ ಎದ್ದುಹೋದರು. ಸೋಮವಾರ ರುದ್ರಮುನಿ ಕೆಲಸಕ್ಕೆ ರಜೆ ಹಾಕಿ ನಮ್ಮಲ್ಲಿಗೆ ಬಂದು ಚಿತ್ರವನ್ನು ಅಪ್ಪನ ಮೇಜಿನ ಮೇಲಿಟ್ಟ. ಅವನು ಕೂಗಾಡಿದ್ದರೆ ಚೆನ್ನಾಗಿತ್ತು.

"ನನ್ನ ಮ್ಯಾಲೆ ನಿಮಗೆ ಹೊಟ್ಟೆಕಿಚ್ಚು ಐತೆ ಅಂತ ಗೊತ್ತಿತ್ರಿ," ಅಂದ. "ನಮ್ಮವ್ವನ ಮ್ಯಾಲೆ ತೀರಿಸ್ಕೊಂತೀರಿ ಅಂತ ಗೊತ್ತಿರಲಿಲ್ಲ."

ಅಪ್ಪ ಆ ಚಿತ್ರವನ್ನು ಮೊದಲು ನೋಡಿದ್ದು ಆಗಲೇ. ಅವರ ಮುಖದ ಬಣ್ಣ ಇಳಿದದ್ದನ್ನು ನಾನು ಕಂಡೆ. ಒಂದು ಸಲ ಕಿಟಕಿಯ ಕಡೆ ನೋಡಿದರು. ಗೌರತ್ತೆ ಬೇರೇನನ್ನೋ ತಿದ್ದುವವಳಂತೆ ಬಗ್ಗಿ ಕೂತಿದ್ದಳು. ಅಪ್ಪ ರುದ್ರಮುನಿಯ ಕಡೆ ತಿರುಗಿ, ಇದು ನನ್ನ ಕೈತಪ್ಪು, ಕಣ್ಣು ಮುಚ್ಚಿದ್ದು ಕಂಡು ರೂಢಿಯ ಮೇಲೆ ಮಾಡಿಬಿಟ್ಟೆ ಅಂದರು. ಊರವರೂ ಹಾಗೇ ಅಂದುಕೊಂಡು ನಕ್ಕರು. ಕಣ್ಣು ಮುಚ್ಚಿದವರನ್ನೆಲ್ಲ ಸಾಯಿಸುವ ಸ್ಟುಡಿಯೋ ಎಂದು ನಮಗೆ ಹೆಸರು ಬಿತ್ತು. ರುದ್ರಮುನಿ ಮಾತ್ರ ನಂಬಲಿಲ್ಲ, ಚಿತ್ರವನ್ನು ಮತ್ತೆ ಸುತ್ತಿಕೊಂಡು ಹೋಗಿದ್ದ. ನಾನೂ ನಂಬಲಿಲ್ಲ, ಆದರೆ ನನ್ನ ಅನುಮಾನ ಮನೆಯೊಳಗಿತ್ತು.

ಆ ಭಾನುವಾರ ಅಪ್ಪ ನನ್ನನ್ನೂ ಕರೆದುಕೊಂಡು ಹರಿಹರಕ್ಕೆ ಹೋದರು. ಹೆಗಲಲ್ಲಿ ಕ್ಯಾಮೆರಾ ಇಲ್ಲದೆ ಅವರು ಆ ರೈಲು ಹತ್ತಿದ್ದು ಅದೇ ಮೊದಲು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ರುದ್ರಮುನಿ ಮನೆಯಲ್ಲಿರಲಿಲ್ಲ, ಅಥವಾ ಇದ್ದೂ ಹೊರಗೆ ಬರಲಿಲ್ಲ. ನೀಲಮ್ಮ ನಮ್ಮನ್ನು ಕೂರಿಸಿ ಮಜ್ಜಿಗೆ ಕೊಟ್ಟಳು. ಅಪ್ಪ ತಪ್ಪಾಯಿತು ಎಂದು ಶುರು ಮಾಡಿದರೆ ಆಕೆ ಕೈ ಅಡ್ಡ ಹಿಡಿದು ಒಳಗಿನಿಂದ ಆ ಚಿತ್ರವನ್ನು ತಂದಳು. ಅಷ್ಟೊತ್ತಿಗೆ ಆಕೆ ತಾನೇ ರಾಣೆಬೆನ್ನೂರಿಗೆ ಹೋಗಿ ಗಂಡಿನವರ ಮನೆಯಲ್ಲಿ ಎರಡು ರೊಟ್ಟಿ ಜಾಸ್ತಿ ಉಂಡು, ಸತ್ತವರು ಹೀಗೆ ಉಣ್ಣುತ್ತಾರಾ ಎಂದು ಕೇಳಿ ಮಾತು ಕೂಡಿಸಿಕೊಂಡು ಬಂದಿದ್ದಳು. ಆಕೆಗೆ ಸಾವಿನ ಚಿಂತೆ ಇರಲಿಲ್ಲ, ಬೇರೆ ಒಂದು ಕುತೂಹಲವಿತ್ತು.

"ಬಾಯಿ ನನ್ನದು, ಮೂಗು ನನ್ನದು," ಅಂದಳು. "ಈ ಕಣ್ಣು ಯಾರವು ಹೇಳ್ರಿ."

ಆಮೇಲೆ ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲಿ ಆಕೆಯ ಗಂಡನ ಫೋಟೋ ಇತ್ತು, ಎಂಟು ವರ್ಷದ ಹಿಂದೆ ನಮ್ಮ ಸ್ಟುಡಿಯೋದಲ್ಲೇ ಆದದ್ದು. ರುಮಾಲು, ವಿಭೂತಿ, ತಲೆಯ ಹಿಂದೆ ವರ್ತುಲ. ಕಣ್ಣುಗಳು ಅವೇ. ಒಂದಿಷ್ಟು ಉದ್ದ, ಹೊರತುದಿಯಲ್ಲಿ ಸ್ವಲ್ಪ ಕೆಳಗೆ ಇಳಿದವು, ಈಗ ತಾನೇ ಯಾರೋ ಕರೆದದ್ದಕ್ಕೆ ತಿರುಗಿ ನೋಡಿದ ಹಾಗಿರುವವು. ಆ ಮನುಷ್ಯನಿಗೆ ಇದ್ದದ್ದು ಮೆಳ್ಳೆಗಣ್ಣಂತೆ. ಸತ್ತ ಮೇಲಾದರೂ ನೆಟ್ಟಗೆ ನೋಡಲಿ ಎಂದು ಆಕೆ ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ಅಪ್ಪ ಎರಡೂ ಚಿತ್ರಗಳನ್ನು ನೋಡಿದರು. ನಾನು ಅಪ್ಪನನ್ನು ನೋಡಿದೆ. ಆ ಕಣ್ಣು ಯಾರವೆಂದು ಇಬ್ಬರಿಗೂ ಒಟ್ಟಿಗೇ ತಿಳಿಯಿತು ಅನ್ನಿಸುತ್ತದೆ. ಕಿಟಕಿಯ ಸರಳಿನ ಕನ್ನಡಿ ಏನಕ್ಕೆ ಇತ್ತೆಂದು ನನಗೆ ಹೊಳೆದದ್ದೂ ಆ ಮಜ್ಜಿಗೆಯ ಲೋಟ ಕೈಯಲ್ಲಿ ಹಿಡಿದಾಗಲೇ.

ಮನೆಗೆ ಬಂದವರೇ ಅಪ್ಪ ಚಪ್ಪಲಿಯನ್ನೂ ಬಿಡದೆ ಗೌರತ್ತೆಯ ಚಾಪೆಯ ಹತ್ತಿರ ಹೋಗಿ ಕೂತರು. ನಾನು ಬಾಗಿಲಲ್ಲಿ ನಿಂತೆ, ಯಾರೂ ಹೋಗು ಅನ್ನಲಿಲ್ಲ. ಆಕಿ ಬದುಕಿದ್ದು ನಿನಗೆ ಗೊತ್ತಿತ್ತಾ ಎಂದು ಅಪ್ಪ ಕೇಳಿದರು. ಗೌರತ್ತೆ ಸುಳ್ಳು ಹೇಳಬಹುದಿತ್ತು, ಊರೇ ಅವಳಿಗೆ ಸುಳ್ಳನ್ನು ಸಿದ್ಧಮಾಡಿ ಕೊಟ್ಟಿತ್ತು.

"ಗೊತ್ತಿತ್ತು," ಅಂದಳು. "ಸತ್ತೋರು ನಗಾದಿಲ್ಲ ಅಂತ ನನಗೆ ಗೊತ್ತಿಲ್ಲೇನು? ಆ ಹುಡುಗ ಊರಾಗೆ ಇದ್ದೋರನ್ನೆಲ್ಲಾ ತೆಗ್ದು ಪೆಟ್ಟಿಗ್ಯಾಗೆ ಇಟ್ಕೊಂತಾನೆ. ನನಗೆ ಯಾರು ಉಳಿದ್ರು ಹೇಳು. ಒಂದು ಮುಖ ಬಂತು, ಕಣ್ಣು ಮುಚ್ಚಿತ್ತು. ಕೈ ತಡೀಲಿಲ್ಲ."

ಕಣ್ಣು ಯಾರವೆಂದು ಅಪ್ಪ ಕೇಳಲಿಲ್ಲ. ಅವಳೇ ಹೇಳಿದಳು. ಸತ್ತವರ ಕಣ್ಣು ಹೇಗಿದ್ದವೆಂದು ಅವಳಿಗೆ ಯಾರು ಹೇಳಬೇಕಿತ್ತು, ಅವಳು ಯಾರನ್ನೂ ಕಂಡವಳಲ್ಲ, ಹೊಸಿಲು ದಾಟಿ ಹೋದವಳಲ್ಲ. ಕಣ್ಣು ಅಂತ ಅವಳ ಹತ್ತಿರ ಇದ್ದದ್ದು ಕನ್ನಡಿಯಲ್ಲಿ ಕಾಣುವ ಎರಡೇ. ಅಪ್ಪ ಅವಳನ್ನು ಬೈಯಲಿಲ್ಲ. ಮರುದಿನದಿಂದ ಗೌರತ್ತೆ ಕುಂಚ ಮುಟ್ಟಲಿಲ್ಲ. ತಾನಾಗಿಯೇ ಅಡುಗೆಮನೆಗೆ ಹೋಗಿ ಮೂಲೆಯಲ್ಲಿ ಕೂತು ಬೇಳೆ ಆರಿಸಿದಳು. ಅಮ್ಮ ಬಂದು ಆ ಮೊರವನ್ನು ಅವಳ ಕೈಯಿಂದ ಕಿತ್ತುಕೊಂಡು, ನೀನು ಮೊದಲಿನಂಗೆ ಕಿಟಕಿ ಹತ್ರ ಕೂಡು ಹೋಗು ಅಂದಳು. ಗೌರತ್ತೆ ಹೋಗಲಿಲ್ಲ. ನಾನು ಹೇಳಿದೆನಲ್ಲ, ಅಮ್ಮನ ಮೇಲಿನ ಕೋಪ ಪೂರ್ತಿ ಇಳಿದಿಲ್ಲವೆಂದು, ಅರ್ಧ ಇಳಿದದ್ದು ಆವತ್ತು.

ರುದ್ರಮುನಿ ಮತ್ತೆ ಬರಲಿಲ್ಲ. ಬಚ್ಚಲುಮನೆಯ ಕಿಟಕಿಗೆ ಕಂಬಳಿ ಕಟ್ಟಿ ತಾನೇ ಫಿಲ್ಮು ತೊಳೆಯುವುದನ್ನು ಕಲಿತನೆಂದು ಕೇಳಿದೆವು. ಹರಿಹರದವರೆಲ್ಲ ಅವನ ಬಚ್ಚಲಿಗೇ ಹೋದರು. ನಮ್ಮಲ್ಲಿ ಅರಮನೆ ಮೆಟ್ಟಿಲಿನ ಪರದೆ ಮಡಿಕೆಯಲ್ಲಿ ಹರಿಯಿತು, ಅಪ್ಪ ಅದನ್ನು ಹೊಲಿಸಲಿಲ್ಲ. ಅರುವತ್ತರ ದಶಕದ ನಡುವಿನಲ್ಲಿ ಒಂದು ಬೆಳಿಗ್ಗೆ ಗೌರತ್ತೆ ಏಳಲಿಲ್ಲ. ವಿಧವೆಯೆಂದು ಅವಳೂ ಕ್ಯಾಮೆರಾ ಮುಂದೆ ಬಂದವಳಲ್ಲ, ನಾವೂ ಕರೆದವರಲ್ಲ. ಅವಳನ್ನು ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿದ ಮೇಲೆ ಅಪ್ಪ ಕರಿ ಬಟ್ಟೆಯೊಳಗೆ ತಲೆ ಹಾಕಿದರು, ಹೊರಗೆ ಬರಲು ತುಂಬ ಹೊತ್ತು ಹಿಡಿಯಿತು. ಆಮೇಲೆ ಆ ಮುಖವನ್ನು ದೊಡ್ಡದಾಗಿ ಮುದ್ರಿಸಿ ಕುಂಚ ಹಿಡಿದು ಕೂತರು. ತಮ್ಮನಿಗೆ ಆ ಕಣ್ಣು ಗೊತ್ತಿಲ್ಲದ್ದೇನಲ್ಲ. ಕೈ ಬರಲಿಲ್ಲ. ನಮ್ಮ ಮನೆಯ ಗೋಡೆಯ ಮೇಲೆ ಗೌರತ್ತೆ ಕಣ್ಣು ಮುಚ್ಚಿಕೊಂಡೇ ಉಳಿದಳು, ಆ ಮನೆ ಮಾರುವಾಗ ಆ ಚಿತ್ರವೂ ಎಲ್ಲೋ ಹೋಯಿತು.

ಅಂದಿನಿಂದ ನನಗೊಂದು ಚಾಳಿ ಹತ್ತಿದೆ. ಹಳೇ ದಾವಣಗೆರೆಯ ಯಾವ ಮನೆಗೆ ಹೋದರೂ ನಾನು ಮೊದಲು ಗೋಡೆ ನೋಡುತ್ತೇನೆ. ಮದುವೆ ಮಾತಿಗೆ ಬಂದವಳೋ, ಮನೆಯ ಬೆಲೆ ಕಟ್ಟಲು ಬಂದವಳೋ ಎಂದು ಜನ ಅನುಮಾನ ಪಡುತ್ತಾರೆ. ನಿಮ್ಮ ಮನೆಯಲ್ಲೂ ಅಟ್ಟದ ಮೇಲೆ ಅಂಥದೊಂದು ಮುಖ ಇರಬಹುದು, ಇಳಿಸಿ ಒರೆಸಿ ನೋಡಿ. ಒಂದೊಂದು ಕಡೆ ಮುದುಕಿ, ಒಂದೊಂದು ಕಡೆ ಹಸುಗೂಸಿನ ತಾಯಿ, ಒಮ್ಮೆ ಒಬ್ಬ ಪೈಲ್ವಾನ. ಎಲ್ಲರೂ ಹೊರತುದಿಯಲ್ಲಿ ಸ್ವಲ್ಪ ಕೆಳಗಿಳಿದ ಅವೇ ಕಣ್ಣಿನಿಂದ, ಈಗ ತಾನೇ ಕರೆದ ಹಾಗೆ, ತಿರುಗಿ ನೋಡುತ್ತಾರೆ. ವರ್ಷ ವರ್ಷಕ್ಕೆ ಅವರು ಕಡಿಮೆಯಾಗುತ್ತಿದ್ದಾರೆ. ಹೋದ ದೀಪಾವಳಿಗೆ ಪೇಟೆಯ ಒಂದು ಮನೆಯನ್ನು ಕೆಡವುತ್ತಿದ್ದರು. ಬಾಗಿಲು, ಕಿಟಕಿಗಳ ಜೊತೆ ಫೋಟೋಗಳನ್ನೂ ಹೊರಗೆ ಪೇರಿಸಿದ್ದರು. ಮೇಲೆಯೇ ಒಬ್ಬ ದಪ್ಪ ಮೀಸೆಯ, ಜರಿ ರುಮಾಲಿನ ಯಜಮಾನ. ಇದನ್ನು ನನಗೆ ಕೊಡುತ್ತೀರಾ ಎಂದು ಆ ಮನೆಯ ಮೊಮ್ಮಗನನ್ನು ಕೇಳಿದೆ. ಅವನು ಕೈಯಲ್ಲಿದ್ದ ಫೋನು ಜೇಬಿಗೆ ಹಾಕಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಯಾವುದೋ ಆಸ್ತಿ ತಕರಾರು ಇರಬೇಕು ಎಂದು ಅವನ ಮುಖ ಹೇಳುತ್ತಿತ್ತು.

"ನಮ್ಮಜ್ಜ ನಿಮಗೇನಾಗ್ಬೇಕ್ರಿ?" ಎಂದು ಕೇಳಿದ.

ಅತ್ತೆ ಆಗಬೇಕು ಎಂದು ಬಾಯಿಗೆ ಬಂದಿತ್ತು. ಆ ಮೀಸೆಯನ್ನು ನೋಡಿ ನುಂಗಿಕೊಂಡೆ. ಏನೂ ಆಗಬೇಕಾಗಿಲ್ಲ, ಸುಮ್ಮನೆ ಕೇಳಿದೆ ಅಂದೆ. ಅವನು ನಂಬಲಿಲ್ಲ. ಫೋಟೋದ ಧೂಳನ್ನು ತೋಳಿನಿಂದ ಒರೆಸಿ, ಅದನ್ನು ನನ್ನ ಮುಖದ ಪಕ್ಕ ಎತ್ತಿ ಹಿಡಿದು, ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದ.

"ಸುಳ್ಳು ಹೇಳಬ್ಯಾಡ್ರಿ ಅಮ್ಮ," ಅಂದ. "ಕಣ್ಣು ನಿಮ್ಮಂಗೇ ಅದಾವೆ."